ಕೋಟೆಯನ್ನು ಎದುರು ಗುಡ್ಡದಿಂದ ನೋಡಿ: ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಐದು ದಿನ

ಪ್ರಶ್ನೆ: ನಾವು ನೆದರ್ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿದ್ದೇವೆ. ಸೆಪ್ಟೆಂಬರ್‌ನಲ್ಲಿ ಹಾಸನದಿಂದ ಅಪ್ಪ-ಅಮ್ಮ ಬರುತ್ತಿದ್ದಾರೆ. ಪ್ಯಾರಿಸ್ ಹೋದ ಸಲವೇ ತೋರಿಸಿ ಆಯಿತು. ಈ ಸಲ ಫ್ರಾನ್ಸಿನ ಹಳ್ಳಿ ಕಡೆ ಕೋಟೆ, ಹಳೇ ಊರು, ಗುಡ್ಡದ ಮೇಲಿಂದ ಒಳ್ಳೆ ನೋಟ ಇರುವ ಜಾಗಕ್ಕೆ ಐದು ದಿನ ಹೋಗಬೇಕು ಅಂತ ಆಸೆ. ಎಲ್ಲರೂ ಲ್ವಾರ್ ನದಿ ಕಣಿವೆ ಅಂತಾರೆ, ಕೆಲವರು ದಕ್ಷಿಣದ ಕೋಟೆಯೂರು ಕಾರ್ಕಸೋನ್ ಅಂತಾರೆ. ಅಪ್ಪನಿಗೆ ಮಂಡಿ ನೋವು, ಅಮ್ಮ ಮೊಟ್ಟೆ ಬಿಟ್ಟು ಬೇರೇನೂ ಮಾಂಸಾಹಾರ ಮುಟ್ಟಲ್ಲ, ಮಗನಿಗೆ ಹನ್ನೊಂದು ವರ್ಷ. ನನ್ನ ಯಜಮಾನರು ಡ್ರೋನ್ ತರುತ್ತೇನೆ ಅಂತಿದ್ದಾರೆ. ಎಲ್ಲಿಗೆ ಹೋಗೋಣ, ಹೇಗೆ ಹೋಗೋಣ?

ಉತ್ತರ: ಮೊದಲು ಲ್ವಾರ್ ವಿಷಯ ಮುಗಿಸಿಬಿಡೋಣ. ಲ್ವಾರ್ ಚೆನ್ನಾಗಿಲ್ಲ ಅಂತಲ್ಲ. ಆದರೆ ನೀವು ಕೇಳುತ್ತಿರುವುದು ಕೋಟೆ, ಅಲ್ಲಿ ಜಾಸ್ತಿ ಇರುವುದು ಅರಮನೆ. ಅಲ್ಲಿನ ಹೆಸರಾಂತ ಅರಮನೆ ಶಾಂಬೋರ್ ಕಟ್ಟಲು ಶುರು ಮಾಡಿದ್ದು 1519ರಲ್ಲಿ. ಆ ಹೊತ್ತಿಗೆ ಫಿರಂಗಿ ಬಂದು ಎತ್ತರದ ಗೋಡೆಗಳ ಬೆಲೆ ಹೋಗಿತ್ತು. ರಾಜನಿಗೆ ಬೇಕಾಗಿದ್ದದ್ದು ಬೇಟೆಗೆ ಒಂದು ನೆಲೆ ಮತ್ತು ಬಂದವರ ಮುಂದೆ ತೋರಿಸಿಕೊಳ್ಳಲು ಒಂದು ಮನೆ. ಸುತ್ತ ಬಯಲು, ಕಾಡು. ಗುಡ್ಡ ಹತ್ತಿ ಕಣ್ಣು ಹಾಯಿಸುವ ಜಾಗ ಅಲ್ಲಿ ಕಡಿಮೆ. ಮೂರು ಅರಮನೆ ನೋಡುವ ಹೊತ್ತಿಗೆ ನಿಮ್ಮ ಮಗ ಎಲ್ಲಾ ಮಂಚಗಳೂ ಒಂದೇ ಥರ ಇವೆ ಅಂತಾನೆ, ಅವನು ಹೇಳುವುದರಲ್ಲಿ ತಪ್ಪೂ ಇರಲ್ಲ.

ನೀವು ದೋರ್ದೋನ್ ಕಣಿವೆಗೆ ಹೋಗಿ. ನೈರುತ್ಯ ಫ್ರಾನ್ಸ್, ಹಳೇ ಹೆಸರು ಪೆರಿಗೋರ್. ಸಾರ್ಲಾ ಎಂಬ ಸಣ್ಣ ಪಟ್ಟಣ, ಅದರ ದಕ್ಷಿಣಕ್ಕೆ ದೋರ್ದೋನ್ ನದಿ, ನದಿಯ ಎರಡೂ ದಂಡೆಯಲ್ಲಿ ಸುಣ್ಣಕಲ್ಲಿನ ಬಂಡೆಗಳು, ಬಂಡೆಗಳ ನೆತ್ತಿಯ ಮೇಲೆ ಕೋಟೆಗಳು. ಬೇನಾಕ್, ಕಾಸ್ಟೆಲ್‌ನೊ, ಮಾರ್ಕೆಸಾಕ್, ಲಾ ರೋಕ್ ಗಜಾಕ್, ದೋಮ್, ಇವೆಲ್ಲಾ ಅರ್ಧ ಗಂಟೆಯ ಡ್ರೈವ್ ಒಳಗೇ ಇವೆ. ದಿನಕ್ಕೊಂದು ಹೋಟೆಲ್ ಬದಲಿಸುವ ಗೋಳಿಲ್ಲ. ಒಂದೇ ಮನೆ ಬಾಡಿಗೆಗೆ ಹಿಡಿದು ಐದೂ ದಿನ ಅಲ್ಲೇ ಇರಿ.

ಇನ್ನು ನೋಡುವ ಕ್ರಮ. ಕೋಟೆ ಬೇರೆ, ವ್ಯೂ ಪಾಯಿಂಟ್ ಬೇರೆ ಅಂತ ಎರಡು ಪಟ್ಟಿ ಮಾಡಿಕೊಂಡು ಹೋಗಬೇಡಿ. ಆ ಕೋಟೆ ಅಲ್ಲಿರುವುದೇ ಆ ನೋಟಕ್ಕಾಗಿ. ನದಿಯಲ್ಲಿ ಯಾವ ದೋಣಿ ಬಂತು, ಎದುರಿನವನು ಏನು ಮಾಡುತ್ತಿದ್ದಾನೆ ಅಂತ ಕಾಯುತ್ತಾ ಕೂರುವುದೇ ಅದರ ಕೆಲಸವಾಗಿತ್ತು. ಹಾಗಾಗಿ ಒಂದು ಕೋಟೆಯನ್ನು ಅದರ ಒಳಗಿಂದ ನೋಡಿದರೆ ಅರ್ಧವೇ ಅರ್ಥ ಆಗುವುದು. ಉಳಿದ ಅರ್ಧ ಎದುರು ಕೋಟೆಯಿಂದ ನೋಡಿದಾಗ. ದೋರ್ದೋನ್‌ನಲ್ಲಿ ಇದು ಬೇರೆಲ್ಲೂ ಇಲ್ಲದಷ್ಟು ಸಲೀಸು, ಯಾಕೆಂದರೆ ಇಲ್ಲಿನ ಎರಡು ದೊಡ್ಡ ಕೋಟೆಗಳು ನೂರಾರು ವರ್ಷ ಒಂದನ್ನೊಂದು ದಿಟ್ಟಿಸಿಕೊಂಡೇ ಕೂತಿದ್ದವು.

ಆ ಎರಡು ಕೋಟೆ ಬೇನಾಕ್ ಮತ್ತು ಕಾಸ್ಟೆಲ್‌ನೊ. ಬೇನಾಕ್ ಬಲದಂಡೆಯಲ್ಲಿದೆ, ನದಿಯಿಂದ ಸುಮಾರು 150 ಮೀಟರ್ ಎತ್ತರದ ಬಂಡೆಯ ಮೇಲೆ. ಕಾಸ್ಟೆಲ್‌ನೊ ಎಡದಂಡೆಯಲ್ಲಿ. ಕಾರಿನಲ್ಲಿ ಹತ್ತು ನಿಮಿಷದ ದಾರಿ. ಒಂದೇ ಬೀದಿಯ ಎದುರುಬದುರು ಮನೆಯವರು ತಲೆತಲಾಂತರದಿಂದ ಕೋರ್ಟಿಗೆ ಅಲೆಯುತ್ತಾರಲ್ಲ, ಹೆಚ್ಚುಕಮ್ಮಿ ಅದೇ ಕಥೆ. ಇಂಗ್ಲೆಂಡಿನ ರಾಜನಿಗೂ ಫ್ರಾನ್ಸಿನ ರಾಜನಿಗೂ 1337ರಿಂದ 1453ರವರೆಗೆ ಎಳೆದಾಡಿದ ನೂರು ವರ್ಷದ ಯುದ್ಧದಲ್ಲಿ ಈ ನದಿಯೇ ಗಡಿ ಇದ್ದ ಹಾಗಿತ್ತು. 1360ರ ಬ್ರೆತಿನಿ ಒಪ್ಪಂದದಲ್ಲಿ ಈ ಸೀಮೆ ಇಂಗ್ಲಿಷರಿಗೆ ಹೋಯಿತು. ಬೇನಾಕ್ ಕೆಲವೇ ವರ್ಷದಲ್ಲಿ ಫ್ರೆಂಚರ ಕಡೆಗೆ ಬಂತು. ಕಾಸ್ಟೆಲ್‌ನೊ ಬಹುಕಾಲ ಇಂಗ್ಲಿಷರ ಕಡೆಗೇ ಇತ್ತು. ಕೊನೆಗೆ 1442ರಲ್ಲಿ ಫ್ರಾನ್ಸಿನ ರಾಜ ಏಳನೇ ಚಾರ್ಲ್ಸ್‌ನ ಸೈನ್ಯ ಮುತ್ತಿಗೆ ಹಾಕಿತು. ಮೂರು ವಾರ ಆದ ಮೇಲೆ ಒಳಗಿದ್ದ ಇಂಗ್ಲಿಷ್ ಕಪ್ತಾನ ಕೋಟೆಯ ಕೀಲಿಕೈ ಕೊಟ್ಟುಬಿಟ್ಟ. ಬದಲಿಗೆ ಅವನು ಪಡೆದದ್ದು ತನ್ನ ಜೀವ ಮತ್ತು 400 ಎಕ್ಯು ನಾಣ್ಯ. ಬುದ್ಧಿವಂತ ಅಲ್ವಾ?

ಇದಕ್ಕೂ ಮೊದಲೇ ಒಂದು ಸುತ್ತು ಆಗಿತ್ತು. 1214ರಲ್ಲಿ ಸಿಮೋಂ ದ ಮೋಂಫೋರ್ ಎಂಬ ದಂಡನಾಯಕ ಕ್ಯಾಥರ್ ಪಂಥದವರನ್ನು ಹತ್ತಿಕ್ಕುವ ನೆಪದಲ್ಲಿ ಈ ಕಣಿವೆಗೆ ನುಗ್ಗಿ ಬೇನಾಕ್, ಕಾಸ್ಟೆಲ್‌ನೊ ಎರಡನ್ನೂ ಹಿಡಿದಿದ್ದ. ಕ್ಯಾಥರ್ ಅಂದರೆ ರೋಮಿನ ಚರ್ಚನ್ನು ಒಪ್ಪದ ಕ್ರೈಸ್ತರು. ಕಾರ್ಕಸೋನ್ ಬಗ್ಗೆ ಕೇಳಿದ್ದೀರಲ್ಲ, ಅಲ್ಲಿಗೂ ಈ ಕಥೆಗೂ ನಂಟಿದೆ, ಮುಂದೆ ಹೇಳುತ್ತೇನೆ.

ಬೆಳಿಗ್ಗೆ ಕಾಸ್ಟೆಲ್‌ನೊ, ಸಂಜೆ ಬೇನಾಕ್. ಇದನ್ನು ಉಲ್ಟಾ ಮಾಡಬೇಡಿ. ಕಾಸ್ಟೆಲ್‌ನೊ ಮೇಲಿಂದ ಬೇನಾಕ್ ನೋಡುವಾಗ ಬೆಳಗಿನ ಬಿಸಿಲು ನಿಮ್ಮ ಬೆನ್ನ ಕಡೆಯಿಂದ ಬಂದು ಎದುರಿನ ಬಂಡೆಯ ಮೇಲೆ ಬೀಳುತ್ತದೆ. ಸಂಜೆ ಬೇನಾಕ್‌ನಿಂದ ಕಾಸ್ಟೆಲ್‌ನೊ ಕಡೆ ತಿರುಗಿದರೆ ಆಗಲೂ ಸೂರ್ಯ ಕಣ್ಣಿಗೆ ಹೊಡೆಯುವುದಿಲ್ಲ. ಉಲ್ಟಾ ಹೋದವರ ಫೋಟೋದಲ್ಲಿ ಕೋಟೆ ಬರೀ ಕಪ್ಪು ಗುಡ್ಡೆ.

ಕಾಸ್ಟೆಲ್‌ನೊ ನಿಮ್ಮ ಮಗನಿಗಾಗಿಯೇ ಇರುವ ಜಾಗ. 1985ರಿಂದ ಇದು ಮಧ್ಯಯುಗದ ಯುದ್ಧದ ಮ್ಯೂಸಿಯಂ. ಕತ್ತಿ, ಕವಚ, ಬಿಲ್ಲು ಎಲ್ಲಾ ಇವೆ, ಆದರೆ ಕಾಲು ನಿಲ್ಲುವುದು ಹೊರಗೆ ಬುರುಜಿನ ಮೇಲೆ ನಿಲ್ಲಿಸಿರುವ ಕಲ್ಲೆಸೆಯುವ ಯಂತ್ರಗಳ ಮುಂದೆ. ಟ್ರೆಬುಶೆ ಅಂತ ಹೆಸರು. ಸುಮ್ನೆ ನೋಡಿ ಮುಂದೆ ಹೋಗಬೇಡಿ, ಅದು ಹೇಗೆ ಕೆಲಸ ಮಾಡುತ್ತದೆ ಅಂತ ಅವನಿಗೆ ತೋರಿಸಿ. ಒಂದು ಉದ್ದನೆಯ ಮರದ ತೊಲೆ. ಅದರ ಗಿಡ್ಡ ತುದಿಗೆ ಮಣ್ಣು-ಕಲ್ಲು ತುಂಬಿದ ಭಾರೀ ಪೆಟ್ಟಿಗೆ, ಟನ್ನುಗಟ್ಟಲೆ ತೂಕ. ಉದ್ದ ತುದಿಗೆ ಹಗ್ಗದ ಕವಣೆ. ಆಳುಗಳು ಚಕ್ರ ತಿರುಗಿಸಿ ಉದ್ದ ತುದಿಯನ್ನು ನೆಲಕ್ಕೆ ಎಳೆದು ಕಟ್ಟುತ್ತಾರೆ, ಆಗ ಪೆಟ್ಟಿಗೆ ಮೇಲೇರುತ್ತದೆ. ಕವಣೆಯಲ್ಲಿ ಗುಂಡುಕಲ್ಲು ಇಟ್ಟು ಕೊಕ್ಕೆ ಬಿಟ್ಟರೆ ಪೆಟ್ಟಿಗೆ ಧಡ್ ಅಂತ ಕೆಳಗೆ ಬರುತ್ತದೆ, ತೊಲೆ ಮೇಲಕ್ಕೆ ಹಾರುತ್ತದೆ, ಹಿಂದಿನಿಂದ ಬರುವ ಕವಣೆ ಬೀಸಿ ತುದಿಯಲ್ಲಿ ಬಿಚ್ಚಿಕೊಳ್ಳುತ್ತದೆ. ಒಬ್ಬ ಗಂಡಾಳಿಗಿಂತ ಭಾರದ ಕಲ್ಲು ಇನ್ನೂರು ಮೀಟರ್ ದೂರ ಹೋಗುತ್ತಿತ್ತು. ಸಿನಿಮಾದಲ್ಲಿ ತೋರಿಸುವ ಹಾಗೆ ಪಟಪಟ ಹೊಡೆಯಲು ಆಗುತ್ತಿರಲಿಲ್ಲ. ದೊಡ್ಡ ಯಂತ್ರವಾದರೆ ಗಂಟೆಗೆ ಒಂದೆರಡು ಕಲ್ಲು, ಅಷ್ಟೇ. ಸೀಸನ್‌ನಲ್ಲಿ ಎಸೆದು ತೋರಿಸುತ್ತಾರೆ, ಅವತ್ತಿನ ಹೊತ್ತನ್ನು ಗೇಟಿನಲ್ಲೇ ಕೇಳಿಕೊಳ್ಳಿ.

ಅದೇ ಕೋಟೆಯಲ್ಲಿ ಒಂದು ಮೂಲೆಗೆ ಗುಂಡನೆಯ ದಪ್ಪ ಗೋಪುರ ಇದೆ. ಉಳಿದ ಭಾಗಕ್ಕೂ ಅದಕ್ಕೂ ಹೊಂದುವುದೇ ಇಲ್ಲ. ಅದು 16ನೇ ಶತಮಾನದ್ದು, ಫಿರಂಗಿಗಾಗಿ ಕಟ್ಟಿದ್ದು. ಗೋಡೆ ಗುಂಡಗಿದ್ದರೆ ಗುಂಡು ಜಾರಿ ಹೋಗುತ್ತದೆ, ಚೌಕದ ಮೂಲೆಯಾದರೆ ಒಡೆಯುತ್ತದೆ. ಕಲ್ಲೆಸೆಯುವ ಕಾಲದಿಂದ ಮದ್ದಿನ ಕಾಲಕ್ಕೆ ಲೋಕ ದಾಟಿದ್ದು ಒಂದೇ ಅಂಗಳದಲ್ಲಿ ನಿಂತರೆ ಕಾಣುತ್ತದೆ.

ಬೇನಾಕ್ ಬೇರೆ ಥರ. ಅಲ್ಲಿ ಗಾಜಿನ ಪೆಟ್ಟಿಗೆ, ಬೋರ್ಡು ಜಾಸ್ತಿ ಇಲ್ಲ. ಬರಿಗಲ್ಲು, ಕತ್ತಲೆ, ಹೊಗೆ ಹಿಡಿದ ಅಡುಗೆಮನೆ. 1960ರ ದಶಕದ ಶುರುವಿನಲ್ಲಿ ಪಾಳುಬಿದ್ದಿದ್ದನ್ನು ಖಾಸಗಿಯವರೊಬ್ಬರು ಕೊಂಡು ದಶಕಗಟ್ಟಲೆ ರಿಪೇರಿ ಮಾಡಿಸಿ ಉಳಿಸಿದ್ದು ಇದು. ಒಳಗೆ ಹೋಗುವ ಮುಂಚೆ ಗೋಡೆಗಳನ್ನು ನೋಡಿ. ನದಿ ಕಡೆ ಬಂಡೆಯೇ ಗೋಡೆ, ಅಲ್ಲಿ ಯಾರೂ ತಲೆ ಕೆಡಿಸಿಕೊಂಡಿಲ್ಲ. ಹಿಂದೆ, ಬಯಲಿನ ಕಡೆ ಮಾತ್ರ ಎರಡು ಸುತ್ತು ಗೋಡೆ, ಕಂದಕ, ಒಂದರ ಹಿಂದೆ ಒಂದು ಬಾಗಿಲು. ಶತ್ರು ಯಾವ ಕಡೆಯಿಂದ ಬರುತ್ತಿದ್ದ ಅಂತ ಇತಿಹಾಸ ಓದದೆಯೇ ಗೊತ್ತಾಗುತ್ತದೆ. ಯಾವ ಕೋಟೆಗೆ ಹೋದರೂ ಇದನ್ನೇ ಮೊದಲು ಹುಡುಕಿ: ಗೋಡೆ ಎಲ್ಲಿ ಎಲ್ಲಕ್ಕಿಂತ ದಪ್ಪ?

ಒಳಗೆ ಕಮಾನು ಚಾವಣಿಯ ದೊಡ್ಡ ಸಭಾಂಗಣ ಇದೆ. ಪೆರಿಗೋರ್‌ನ ನಾಲ್ಕು ದೊಡ್ಡ ಪಾಳೆಯಪಟ್ಟುಗಳಾದ ಬೇನಾಕ್, ಬಿರೋಂ, ಬೂರ್ದೇಯ್, ಮಾರೋಯ್ ಒಡೆಯರು ಸೇರುತ್ತಿದ್ದ ಜಾಗ. ಪಕ್ಕದ ಸಣ್ಣ ದೇವರಕೋಣೆಯಲ್ಲಿ ಏಸುವಿನ ಕೊನೆಯ ಊಟದ ಗೋಡೆಚಿತ್ರ, ಬಣ್ಣ ಮಾಸಿದೆ. ಸುರುಳಿ ಮೆಟ್ಟಿಲು ಬಂದಾಗ ಗೈಡ್ ಒಂದು ಮಾತು ಹೇಳುತ್ತಾರೆ. ಮೇಲೆ ನಿಂತವನ ಬಲಗೈಗೆ ಕತ್ತಿ ಬೀಸಲು ಅನುಕೂಲ ಆಗಲಿ ಅಂತ ಮೆಟ್ಟಿಲು ಬಲಕ್ಕೇ ಸುತ್ತುತ್ತದೆ ಅಂತ. ಕೇಳಲು ಚೆನ್ನಾಗಿದೆ, ಆದರೆ ಎಡಕ್ಕೆ ಸುತ್ತುವ ಮೆಟ್ಟಿಲುಗಳೂ ಬೇಕಾದಷ್ಟು ಕೋಟೆಗಳಲ್ಲಿ ಇವೆ, ಇತಿಹಾಸಕಾರರು ಈಗ ಇದನ್ನು ನಂಬುವುದು ಕಡಿಮೆ.

ಈಗ ಅಪ್ಪನ ಮಂಡಿ. ನೇರವಾಗಿ ಹೇಳುತ್ತೇನೆ, ಎರಡೂ ಕೋಟೆಯ ಗೋಪುರ ಅವರಿಗೆ ಬೇಡ. ಹತ್ತುವುದಕ್ಕಿಂತ ಇಳಿಯುವುದು ಕಷ್ಟ, ಮೆಟ್ಟಿಲು ಸವೆದಿವೆ, ಒಂದೊಂದು ಒಂದೊಂದು ಎತ್ತರ. ಬೇನಾಕ್‌ನಲ್ಲಿ ನದಿ ಪಕ್ಕದ ಪಾರ್ಕಿಂಗ್‌ನಿಂದ ಊರೊಳಗೆ ನಡೆದು ಹತ್ತುವ ದಾರಿ ಬಹಳ ಚೆಂದ, ಆದರೆ ಉಸಿರು ಕಟ್ಟುವಷ್ಟು ಕಡಿದು. ಮೇಲೆ ಕೋಟೆಯ ಮಟ್ಟದಲ್ಲೇ ಇನ್ನೊಂದು ಪಾರ್ಕಿಂಗ್ ಇದೆ. ಕಾರು ಅಲ್ಲಿಗೇ ಒಯ್ಯಿರಿ, ನೀವು ಮತ್ತು ಮಗ ಬೇಕಾದರೆ ಆಮೇಲೆ ಕೆಳಗಿಳಿದು ಊರು ನೋಡಿ ಬನ್ನಿ. ಕಾಸ್ಟೆಲ್‌ನೊದಲ್ಲಿ ಪಾರ್ಕಿಂಗ್‌ನಿಂದ ಕೋಟೆಗೆ ಸ್ವಲ್ಪ ಏರು ನಡೆಯಲೇಬೇಕು. ಅವರಿಗೆ ಅದೂ ಕಷ್ಟ ಅನಿಸಿದರೆ ಅವತ್ತು ಬೆಳಿಗ್ಗೆ ಅಪ್ಪ-ಅಮ್ಮನನ್ನು ಗಬಾರ್ ದೋಣಿಗೆ ಹತ್ತಿಸಿ.

ಗಬಾರ್ ಅಂದರೆ ತಳ ಚಪ್ಪಟೆ ಇರುವ ಮರದ ದೋಣಿ. ಹಿಂದೆ ಇದರಲ್ಲಿ ವೈನ್, ಪೀಪಾಯಿ ಮಾಡುವ ಮರ ತುಂಬಿಕೊಂಡು ಕೆಳಗಿನ ಬೆರ್ಜೆರಾಕ್, ಲಿಬೂರ್ನ್ ಕಡೆ ಹೋಗುತ್ತಿದ್ದರು. ಹರಿವಿನ ಎದುರು ವಾಪಸ್ ತರುವುದು ಲಾಭವಿಲ್ಲ ಅಂತ ಎಷ್ಟೋ ದೋಣಿಗಳನ್ನು ಅಲ್ಲೇ ಒಡೆದು ಮರಕ್ಕೆ ಮಾರಿಬಿಡುತ್ತಿದ್ದರಂತೆ. ಈಗ ಪ್ರವಾಸಿಗರನ್ನು ಕೂರಿಸಿಕೊಂಡು ಒಂದು ಗಂಟೆ ಸುತ್ತಿಸುತ್ತಾರೆ. ಲಾ ರೋಕ್ ಗಜಾಕ್‌ನಿಂದ ಹೊರಡುತ್ತವೆ. ಕೂತ ಕಡೆಯಿಂದಲೇ ಕೋಟೆಗಳು ಕಾಣುತ್ತವೆ, ಅದೂ ಅವುಗಳಿಗೆ ಹೆದರಬೇಕಾಗಿದ್ದವರ ಕಣ್ಣಿನ ಮಟ್ಟದಿಂದ.

ಲಾ ರೋಕ್ ಗಜಾಕ್ ಊರೇ ವಿಚಿತ್ರ. ಒಂದು ಕಡೆ ನದಿ, ಒಂದು ಕಡೆ ನೆಟ್ಟಗೆ ಎದ್ದ ಬಂಡೆ, ನಡುವೆ ಒಂದು ರಸ್ತೆ, ಒಂದೆರಡು ಸಾಲು ಮನೆ. 1957ರ ಜನವರಿಯಲ್ಲಿ ಬಂಡೆಯ ಒಂದು ಭಾಗ ಕಳಚಿ ಬಿದ್ದು ಮೂವರು ಸತ್ತರು. ಆದರೆ ಅದೇ ಬಂಡೆ ದಕ್ಷಿಣದ ಬಿಸಿಲು ಹೀರಿಕೊಂಡು ಬಡಗಣ ಗಾಳಿ ತಡೆಯುವುದರಿಂದ ಊರು ಸುತ್ತಲಿನದಕ್ಕಿಂತ ಬೆಚ್ಚಗೆ. ಚರ್ಚಿನ ದಾರಿಯಲ್ಲಿ ತಾಳೆ, ಬಿದಿರು, ಬಾಳೆ ಗಿಡ ಬೆಳೆಸಿದ್ದಾರೆ. ಫ್ರೆಂಚರು ಬಾಳೆಗಿಡದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವುದನ್ನು ನಿಮ್ಮ ಅಮ್ಮ ನೋಡಬೇಕು.

ನೋಟಕ್ಕೆ ಅಪ್ಪನ ಜೊತೆ ಹೋಗಬೇಕಾದ ಜಾಗ ದೋಮ್. ಬಂಡೆಯ ಮೇಲೆ ಕಟ್ಟಿದ ಕೋಟೆಯೂರು, 1281ರಲ್ಲಿ ಮೂರನೇ ಫಿಲಿಪ್ ರಾಜ ಕಟ್ಟಿಸಿದ್ದು. ಕಾರು ಮೇಲಿನವರೆಗೂ ಹೋಗುತ್ತದೆ, ಮೇಲೆ ಹೋದ ಮೇಲೆ ನೋಟದ ಕಟ್ಟೆಗೆ ನಡಿಗೆ ಸುಲಭ. ಲಾ ಬಾರ್ ಅಂತಾರೆ ಆ ಕಟ್ಟೆಗೆ. ಕೆಳಗೆ ನದಿ ಬಳುಕುತ್ತಾ ಹೋಗುವುದು, ಆಕ್ರೋಟದ ತೋಟಗಳು, ಮೆಕ್ಕೆಜೋಳದ ಹೊಲಗಳು, ದೂರಕ್ಕೆ ಲಾ ರೋಕ್ ಗಜಾಕ್. ಸೆಪ್ಟೆಂಬರ್ ಕೊನೆಯಲ್ಲಿ ಕಣಿವೆಯಲ್ಲಿ ಬೆಳಗ್ಗೆ ಮಂಜು ತುಂಬಿರುತ್ತದೆ, ಹತ್ತು ಗಂಟೆ ಹೊತ್ತಿಗೆ ಕರಗುತ್ತದೆ. ಕೆಳಗಿರುವವರಿಗೆ ಏನೂ ಕಾಣದ ಹೊತ್ತಿನಲ್ಲಿ ದೋಮ್ ಮೇಲೆ ಬಿಸಿಲು ಇರುತ್ತದೆ, ಮಂಜು ಕಾಲ ಕೆಳಗೆ. ಹಾಗಾಗಿ ಮಂಜು ಬಿದ್ದ ದಿನ ಮನೆಯಲ್ಲಿ ಕಾಯುತ್ತಾ ಕೂರಬೇಡಿ, ಕಾಫಿ ಕುಡಿದು ಸೀದಾ ದೋಮ್ ಹತ್ತಿ.

ಆ ಕಟ್ಟೆಯಲ್ಲಿ ನಿಂತಾಗ ಕೆಳಗಿನ ಬಂಡೆಯನ್ನು ಬಗ್ಗಿ ನೋಡಿ. ಅಲ್ಲಿ ಕೋಟೆ ಗೋಡೆಯೇ ಇಲ್ಲ. ಇಲ್ಲಿಂದ ಯಾವನು ಹತ್ತಿ ಬರುತ್ತಾನೆ ಅನ್ನುವ ಧೈರ್ಯ. 1588ರಲ್ಲಿ ಜೋಫ್ರ್ವಾ ದ ವಿವಾಂ ಎಂಬ ಪ್ರಾಟೆಸ್ಟಂಟ್ ಕಪ್ತಾನ ಒಂದು ರಾತ್ರಿ ಬೆರಳೆಣಿಕೆ ಜನರನ್ನು ಕಟ್ಟಿಕೊಂಡು ಅಲ್ಲಿಂದಲೇ ಹತ್ತಿದ. ಮೇಲೆ ಬಂದವರು ಊರೆಲ್ಲಾ ಗದ್ದಲ ಎಬ್ಬಿಸಿ, ಆ ಗೊಂದಲದಲ್ಲಿ ಬಾಗಿಲು ತೆಗೆದು ಹೊರಗಿದ್ದ ಸೈನ್ಯವನ್ನು ಒಳಗೆ ಬಿಟ್ಟುಕೊಂಡರು. ವಿವಾಂ ಹುಟ್ಟಿದ್ದು ಎಲ್ಲಿ ಗೊತ್ತಾ? ಕಾಸ್ಟೆಲ್‌ನೊದಲ್ಲಿ. ಈ ಬಂಡೆಗಳನ್ನು ನೋಡುತ್ತಲೇ ಬೆಳೆದವನು. ನಾಲ್ಕು ವರ್ಷ ಆದ ಮೇಲೆ, 1592ರಲ್ಲಿ, ಊರನ್ನು ಕ್ಯಾಥೊಲಿಕ್‌ರಿಗೇ ಮಾರಿ ಹೊರಟುಹೋದ. ಈ ಕಣಿವೆಯಲ್ಲಿ ಕೋಟೆಗಳ ಜಗಳ ಕೊನೆಗೆ ದುಡ್ಡಿನಲ್ಲಿ ಬಗೆಹರಿದದ್ದು ಒಂದೆರಡು ಸಲವಲ್ಲ.

ದೋಮ್‌ನ ಪೂರ್ವದ ಬಾಗಿಲಲ್ಲಿ ಎರಡು ದಪ್ಪ ಗೋಪುರ ಇವೆ. 14ನೇ ಶತಮಾನದ ಶುರುವಿನಲ್ಲಿ ಸೆರೆಯಲ್ಲಿಟ್ಟಿದ್ದ ಟೆಂಪ್ಲರ್ ಎಂಬ ಕ್ರೈಸ್ತ ಸನ್ಯಾಸಿ-ಯೋಧರು ಒಳಗಿನ ಗೋಡೆಯಲ್ಲಿ ಶಿಲುಬೆ, ದೇವದೂತರ ಚಿತ್ರ ಗೀರಿದ್ದಾರೆ ಅಂತ ಊರಿನವರು ತೋರಿಸುತ್ತಾರೆ. ಗೈಡ್ ಜೊತೆ ಮಾತ್ರ ಒಳಗೆ ಬಿಡುತ್ತಾರೆ, ಮೊದಲೇ ವಿಚಾರಿಸಿ.

ಇನ್ನೊಂದು ಸುಲಭದ ನೋಟ ಮಾರ್ಕೆಸಾಕ್. ಇದು ಕೋಟೆಗಿಂತ ತೋಟ. 19ನೇ ಶತಮಾನದಲ್ಲಿ ಇದರ ಒಡೆಯ ಗುಡ್ಡದ ಏಣಿನ ಉದ್ದಕ್ಕೂ ಬಾಕ್ಸ್‌ವುಡ್ ಗಿಡ ಹಾಕಿಸಿದ. ಈಗ ಒಂದೂವರೆ ಲಕ್ಷ ಗಿಡಗಳಿವೆ, ಕೈಯಲ್ಲೇ ಕತ್ತರಿಸಿ ದುಂಡುದುಂಡಗೆ ಮಾಡುತ್ತಾರೆ. ತೋಟದ ಕೊನೆಯಲ್ಲಿ ನದಿಯಿಂದ 130 ಮೀಟರ್ ಎತ್ತರಕ್ಕೆ ಒಂದು ಚಾಚು. ಅಲ್ಲಿ ನಿಂತರೆ ಬೇನಾಕ್, ಕಾಸ್ಟೆಲ್‌ನೊ, ದೋಮ್, ಲಾ ರೋಕ್ ಗಜಾಕ್ ಎಲ್ಲಾ ಒಟ್ಟಿಗೆ ಕಾಣುತ್ತವೆ. ಅಲ್ಲಿಗೆ ಹೋಗುವ ದಾರಿಗಳಲ್ಲಿ ಒಂದು ಹೆಚ್ಚುಕಮ್ಮಿ ಸಮತಟ್ಟು. ಅಪ್ಪ ನಿಧಾನವಾಗಿ ನಡೆಯಬಹುದು, ಬೆಂಚುಗಳಿವೆ. ಇದನ್ನು ಮೊದಲ ದಿನವೇ ನೋಡಿ, ಇಡೀ ಕಣಿವೆಯ ನಕ್ಷೆ ತಲೆಯಲ್ಲಿ ಕೂರುತ್ತದೆ, ಆಮೇಲೆ ಒಂದೊಂದಾಗಿ ಹೋಗಲು ಸಲೀಸು. ಮಾರ್ಕೆಸಾಕ್ ಮತ್ತು ಕಾಸ್ಟೆಲ್‌ನೊಗೆ ಸೇರಿಸಿ ಜೋಡಿ ಟಿಕೆಟ್ ಸಿಗುತ್ತದೆ, ಸ್ವಲ್ಪ ಉಳಿಯುತ್ತದೆ.

ದುಡ್ಡು ಕೊಡದೆ ನೋಡುವ ಜಾಗಗಳೂ ಇವೆ. ಮೋಂಫೋರ್ ಎಂಬ ಹಳ್ಳಿಯ ಹತ್ತಿರ ನದಿ ಕುದುರೆ ಲಾಳದ ಆಕಾರದಲ್ಲಿ ತಿರುಗುತ್ತದೆ, ರಸ್ತೆ ಪಕ್ಕದಲ್ಲೇ ಕಾರು ನಿಲ್ಲಿಸಲು ಜಾಗ ಇದೆ, ಬಂಡೆಯ ಮೇಲೆ ಕೋಟೆ ಎದುರಿಗೇ ಕಾಣುತ್ತದೆ. ಅದು ಖಾಸಗಿ ಮನೆ, ಒಳಗೆ ಬಿಡಲ್ಲ. ಕಾಸ್ಟೆಲ್‌ನೊ ಪಕ್ಕದ ಫೇರಾಕ್ ಕೂಡ ಅಷ್ಟೇ. ಇಂಥ ಮುಚ್ಚಿದ ಕೋಟೆಗಳಲ್ಲಿ ಕೆಲವು ಸೆಪ್ಟೆಂಬರ್ ಮೂರನೇ ಶನಿವಾರ-ಭಾನುವಾರ ಬಾಗಿಲು ತೆಗೆಯುತ್ತವೆ. ಪರಂಪರೆಯ ದಿನಗಳು ಅಂತ ಫ್ರಾನ್ಸ್ 1984ರಲ್ಲಿ ಶುರು ಮಾಡಿದ್ದು, ಈಗ ಯುರೋಪೆಲ್ಲಾ ಇದೆ. ಟಿಕೆಟ್ ಇರುವ ಎಷ್ಟೋ ಜಾಗಗಳಲ್ಲಿ ಅವತ್ತು ಕಡಿಮೆ ದರ ಅಥವಾ ಉಚಿತ. ನಿಮ್ಮ ತಾರೀಖು ಇನ್ನೂ ಗಟ್ಟಿ ಆಗಿಲ್ಲದಿದ್ದರೆ ಆ ವಾರಾಂತ್ಯ ಸೇರುವ ಹಾಗೆ ನೋಡಿಕೊಳ್ಳಿ.

ಮಿಲಾಂದ್ ಕೋಟೆಗೆ ಅಮ್ಮನನ್ನು ಕರೆದುಕೊಂಡು ಹೋಗಿ. 1489ರಲ್ಲಿ ಒಬ್ಬ ಪಾಳೆಯಗಾರ ಹೆಂಡತಿಗಾಗಿ ಕಟ್ಟಿಸಿದ ಮನೆ. ಆದರೆ ಜನ ಹೋಗುವುದು ಜೋಸೆಫಿನ್ ಬೇಕರ್‌ಗಾಗಿ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 1906ರಲ್ಲಿ ಬಡತನದಲ್ಲಿ ಹುಟ್ಟಿದ ಕಪ್ಪು ಹುಡುಗಿ, ಪ್ಯಾರಿಸ್‌ಗೆ ಬಂದು ಕುಣಿದು ಹಾಡಿ ದೊಡ್ಡ ಹೆಸರಾದಳು, ಎರಡನೇ ಮಹಾಯುದ್ಧದಲ್ಲಿ ಜರ್ಮನರ ವಿರುದ್ಧ ಗುಪ್ತಚರ ಕೆಲಸ ಮಾಡಿದಳು. ಬಾಡಿಗೆಗಿದ್ದ ಈ ಕೋಟೆಯನ್ನು 1947ರಲ್ಲಿ ಕೊಂಡು ಬೇರೆ ಬೇರೆ ದೇಶದ 12 ಮಕ್ಕಳನ್ನು ದತ್ತು ತೆಗೆದುಕೊಂಡು ಇಲ್ಲೇ ಸಾಕಿದಳು. ಸಾಲ ಏರಿತು, 1968ರಲ್ಲಿ ಕೋಟೆ ಹರಾಜಾಯಿತು. ಮನೆ ಬಿಡಿಸಿದ ದಿನ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಾಳೆ, ಆ ಫೋಟೋ ಒಳಗಿದೆ. 2021ರಲ್ಲಿ ಫ್ರಾನ್ಸ್ ಆಕೆಗೆ ದೇಶದ ಮಹನೀಯರ ಸಮಾಧಿಗಳಿರುವ ಪ್ಯಾರಿಸ್‌ನ ಪಾಂಥಿಯೋನ್‌ನಲ್ಲಿ ಜಾಗ ಕೊಟ್ಟಾಗ ಶವಪೆಟ್ಟಿಗೆಯಲ್ಲಿ ಇಟ್ಟದ್ದು ನಾಲ್ಕು ಊರಿನ ಮಣ್ಣು. ಒಂದು ಮಿಲಾಂದ್‌ದು. ಮಗನಿಗೆ ಇಲ್ಲಿ ಗಿಡುಗ ಹಾರಿಸುವ ಪ್ರದರ್ಶನವೂ ಇದೆ, ಬೇಜಾರಾಗಲ್ಲ.

ಸಾರ್ಲಾ ಬಗ್ಗೆ ಜಾಸ್ತಿ ಹೇಳಲ್ಲ, ಹೇಗಿದ್ದರೂ ಹೋಗುತ್ತೀರಿ. ಶನಿವಾರದ ಸಂತೆ ದೊಡ್ಡದು, ಬುಧವಾರದ್ದು ಸ್ವಲ್ಪ ಸಣ್ಣದು. ಹಳೇ ಊರುಗಳನ್ನು ಕೆಡವದೆ ಉಳಿಸಬೇಕು ಅಂತ 1962ರಲ್ಲಿ ಫ್ರಾನ್ಸ್ ಮಾಡಿದ ಕಾನೂನನ್ನು ಮೊದಲು ಜಾರಿ ಮಾಡಿದ ಊರುಗಳಲ್ಲಿ ಇದೂ ಒಂದು. ತಲೆಯೆತ್ತಿ ಮನೆಗಳ ಚಾವಣಿ ನೋಡಿ, ಹೆಂಚಲ್ಲ, ಕಲ್ಲಿನ ಚಪ್ಪಡಿಗಳು. ಚದರ ಮೀಟರಿಗೆ ಅರ್ಧ ಟನ್ ತೂಗುತ್ತವೆ, ಅದಕ್ಕೇ ಕೆಳಗಿನ ಮರದ ತೊಲೆಗಳು ಅಷ್ಟು ದಪ್ಪ. ಒಂದು ಹಳೇ ಚರ್ಚನ್ನು ಮಾರುಕಟ್ಟೆ ಮಾಡಿದ್ದಾರೆ, ಅದರ ಗಂಟೆ ಗೋಪುರದಲ್ಲಿ ಗಾಜಿನ ಲಿಫ್ಟ್ ಇದೆ. ಮೆಟ್ಟಿಲಿಲ್ಲದೆ ಊರಿನ ಮಾಡುಗಳನ್ನೆಲ್ಲಾ ಮೇಲಿಂದ ನೋಡಬಹುದು. ಅಪ್ಪನಿಗೆ ಹೇಳಿ ಮಾಡಿಸಿದ್ದು.

ಒಂದು ದಿನ ದೂರ ಹೋಗುವುದಾದರೆ ರೊಕಮದೂರ್, ಕಾರಿನಲ್ಲಿ ಒಂದು ಗಂಟೆ. ಬಂಡೆಗೆ ಅಂಟಿಕೊಂಡ ಯಾತ್ರಾಸ್ಥಳ, ಕಪ್ಪು ಮಾತೆ ಮೇರಿಯ ಗುಡಿ. 216 ಮೆಟ್ಟಿಲನ್ನು ಹಿಂದೆ ಹರಕೆ ಹೊತ್ತವರು ಮಂಡಿಯೂರಿ ಹತ್ತುತ್ತಿದ್ದರು. ಈಗ ಲಿಫ್ಟ್ ಇದೆ. ಬಂಡೆಯಲ್ಲಿ ಸಿಕ್ಕಿಸಿದ್ದ ರೋಲಾಂ ಎಂಬ ವೀರನ ಕತ್ತಿ ಅಂತ ತೋರಿಸುತ್ತಿದ್ದದ್ದು 2024ರಲ್ಲಿ ಮಾಯವಾಯಿತು. ಇಡೀ ಊರು ಬಂಡೆಯ ಸಮೇತ ಕಾಣಬೇಕು ಅಂದರೆ ಊರೊಳಗಿಂದ ಆಗಲ್ಲ, ಎದುರಿನ ಲೋಸ್ಪಿತಾಲೆ ಗುಡ್ಡದಲ್ಲಿ ನಿಲ್ಲಬೇಕು. ಅಲ್ಲೂ ಅದೇ ಸೂತ್ರ ನೋಡಿ.

ಕಾರ್ಕಸೋನ್ ಈ ಸಲ ಬೇಡ. ಅದು ಇಲ್ಲಿಂದ ದೂರ, ಜನವೂ ಜಾಸ್ತಿ. ಆ ಕಡೆ ನಿಜಕ್ಕೂ ನೋಡಬೇಕಾದದ್ದು ಅದರ ದಕ್ಷಿಣದ ಗುಡ್ಡಗಳ ಪೇರ್‌ಪೆರ್ತೂಜ್, ಕೆರಿಬ್ಯೂಸ್ ಕೋಟೆಗಳು ಮತ್ತು 1,200 ಮೀಟರ್ ಎತ್ತರದ ಮೊಂಸೆಗ್ಯೂರ್. ಅಪ್ಪ-ಅಮ್ಮ ಜೊತೆಗಿಲ್ಲದ ಬೇರೆ ಸಲ ನೀವು ಮೂವರೂ ಹೋಗಿ. ಕ್ಯಾಥರ್ ಕೋಟೆಗಳು ಅಂತ ಬೋರ್ಡ್ ಹಾಕಿರುತ್ತಾರೆ, ಆದರೆ ಈಗ ಕಾಣುವ ಗೋಡೆಗಳಲ್ಲಿ ಬಹುಪಾಲು ಕ್ಯಾಥರ್‌ರನ್ನು ಮುಗಿಸಿದ ಮೇಲೆ ಫ್ರಾನ್ಸಿನ ರಾಜರು ಗಡಿ ಕಾಯಲು ಕಟ್ಟಿದ್ದು. ಮೊಂಸೆಗ್ಯೂರ್‌ನಲ್ಲಿ 1244ರ ಮಾರ್ಚ್‌ನಲ್ಲಿ ಧರ್ಮ ಬಿಡಲೊಪ್ಪದ ಇನ್ನೂರಕ್ಕೂ ಹೆಚ್ಚು ಜನರನ್ನು ಸುಟ್ಟರು. 1659ರಲ್ಲಿ ಸ್ಪೇನಿನ ಗಡಿ ದಕ್ಷಿಣಕ್ಕೆ ಸರಿದ ಮೇಲೆ ಆ ಕೋಟೆಗಳಿಗೆ ಕೆಲಸವೇ ಇಲ್ಲವಾಯಿತು. ಕೆರಿಬ್ಯೂಸ್ ಮೇಲೆ ನಿಂತರೆ ಪೇರ್‌ಪೆರ್ತೂಜ್ ಕಾಣುತ್ತದೆ. ಗಾಳಿ ಮಾತ್ರ ಆಳನ್ನೇ ತಳ್ಳುವಂಥದ್ದು, ಬಿರುಗಾಳಿ ದಿನ ಮುಚ್ಚಿಬಿಡುತ್ತಾರೆ.

ಹೋಗುವುದು ಹೇಗೆ? ಐಂಡ್‌ಹೋವನ್‌ನಿಂದ ಕಾರಿನಲ್ಲಿ ಸಾವಿರ ಕಿಲೋಮೀಟರ್ ಆಸುಪಾಸು. ವಯಸ್ಸಾದವರನ್ನು ಕೂರಿಸಿಕೊಂಡು ಒಂದೇ ದಿನ ಹೊಡೆಯುವ ದಾರಿಯಲ್ಲ. ವಿಮಾನದಲ್ಲಿ ಬೋರ್ದೋ ಅಥವಾ ತುಲೂಸ್‌ಗೆ ಹೋಗಿ ಕಾರು ಬಾಡಿಗೆಗೆ ತೆಗೆದುಕೊಳ್ಳಿ, ಅಲ್ಲಿಂದ ಎರಡು-ಎರಡೂವರೆ ಗಂಟೆ. ಗೇರ್ ಇಲ್ಲದ ಕಾರು ಬೇಕಾದರೆ ಮೊದಲೇ ಹೇಳಿ, ಹಳ್ಳಿ ಕಡೆ ಗೇರಿನ ಕಾರೇ ಜಾಸ್ತಿ. ಅಪ್ಪ-ಅಮ್ಮನ ಶೆಂಗೆನ್ ವೀಸಾ ನೆದರ್ಲ್ಯಾಂಡ್ಸ್ ಕೊಟ್ಟದ್ದೇ ಫ್ರಾನ್ಸಿಗೂ ನಡೆಯುತ್ತದೆ. ಬೆಂಗಳೂರಿನಿಂದ ನೇರ ಬಂದು ಡ್ರೈವ್ ಮಾಡುವವರು ಆರ್‌ಟಿಒದಿಂದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡೇ ಹೊರಡಿ. ಊರಿನ ಹೆಸರಿನ ಬೋರ್ಡ್ ದಾಟಿದ ಕೂಡಲೇ 50ರ ಮಿತಿ, ಬೇರೆ ಬೋರ್ಡ್ ಹಾಕಿರುವುದಿಲ್ಲ. ಹೆಸರಿನ ಮೇಲೆ ಅಡ್ಡಗೆರೆ ಬಂದರೆ ಊರು ಮುಗಿಯಿತು. ಭಾನುವಾರ ಹಳ್ಳಿ ಅಂಗಡಿಗಳು ಮಧ್ಯಾಹ್ನಕ್ಕೇ ಬಾಗಿಲು ಹಾಕುತ್ತವೆ, ಶನಿವಾರವೇ ಸಾಮಾನು ತಂದಿಟ್ಟುಕೊಳ್ಳಿ. ಕಾರಿಲ್ಲದೆ ಈ ಕಣಿವೆ ಸುತ್ತುವ ಯೋಚನೆ ಬಿಡಿ, ಬಸ್ಸು ಕಡಿಮೆ.

ಊಟವೇ ಇಲ್ಲಿ ಸ್ವಲ್ಪ ತಲೆನೋವು. ಇದು ಬಾತುಕೋಳಿ ಸೀಮೆ. ಸಾರ್ಲಾ ಶೈಲಿಯ ಆಲೂಗಡ್ಡೆ ಅಂತ ಮೆನುವಿನಲ್ಲಿ ಕಂಡರೆ ಅಮ್ಮನಿಗೆ ಆಗುತ್ತದೆ ಅಂತ ಅಂದುಕೊಳ್ಳಬೇಡಿ, ಅದನ್ನು ಹುರಿಯುವುದೇ ಬಾತುಕೋಳಿ ಕೊಬ್ಬಿನಲ್ಲಿ. ಬೆಳ್ಳುಳ್ಳಿ ಸೂಪಿನಲ್ಲೂ ಇರಬಹುದು, ಅಣಬೆ ಆಮ್ಲೆಟ್ಟಿನಲ್ಲೂ ಇರಬಹುದು. ಪೆರಿಗೋರ್ ಸಲಾಡ್‌ನಲ್ಲಿ ಎಲೆಗಳ ನಡುವೆ ಬಾತುಕೋಳಿಯ ಒಳಅಂಗ ಇರುತ್ತದೆ. ಮಾಂಸ ಬೇಡ ಅಂದರೆ ಸಾಲದು, ಬಾತುಕೋಳಿ ಕೊಬ್ಬು ಬೇಡ, ಬೆಣ್ಣೆ ಅಥವಾ ಎಣ್ಣೆ ಹಾಕಿ ಅಂತ ಬಿಡಿಸಿ ಹೇಳಿ, ಫೋನಿನಲ್ಲಿ ಫ್ರೆಂಚ್‌ನಲ್ಲಿ ಬರೆದಿಟ್ಟುಕೊಂಡು ತೋರಿಸಿ. ಹೇಳುವ ಮುಂಚೆ ಬೋಂಜೂರ್ ಅನ್ನಿ, ಅದಿಲ್ಲದೆ ಶುರು ಮಾಡಿದರೆ ಮುಖ ಗಂಟು. ಬಿಸಿ ಆಡಿನ ಚೀಸ್ ಮತ್ತು ಆಕ್ರೋಟದ ಸಲಾಡ್, ಆಕ್ರೋಟದ ಕೇಕು ಕೇಳಿಕೊಂಡು ತಿನ್ನಬಹುದು. ಉಳಿದದ್ದಕ್ಕೆ ಅಡುಗೆಮನೆ ಇರುವ ಬಾಡಿಗೆ ಮನೆಯೇ ಗತಿ. ಸಂತೆಯಲ್ಲಿ ತರಕಾರಿ ಚೆನ್ನಾಗಿರುತ್ತದೆ, ಮೊಸರು ಎಲ್ಲಾ ಕಡೆ ಸಿಗುತ್ತದೆ, ಸಾರಿನ ಪುಡಿ ಮಾತ್ರ ನೀವೇ ತನ್ನಿ.

ಇನ್ನು ಡ್ರೋನ್. ನಿಮ್ಮ ಯಜಮಾನರಿಗೆ ಹೇಳಿ, ಮನೆಯಲ್ಲೇ ಬಿಟ್ಟು ಬರಲಿ. ಫ್ರಾನ್ಸ್‌ನಲ್ಲಿ ಊರಿನೊಳಗೆ ಸಾರ್ವಜನಿಕ ಜಾಗದ ಮೇಲೆ ಹವ್ಯಾಸಕ್ಕೆ ಡ್ರೋನ್ ಹಾರಿಸುವ ಹಾಗಿಲ್ಲ, ಈ ಕೋಟೆಗಳೆಲ್ಲಾ ಊರಿಗೆ ಅಂಟಿಕೊಂಡೇ ಇವೆ. ಮೇಲಿಂದಲೇ ನೋಡಬೇಕು ಅನ್ನುವ ಹಟ ಇದ್ದರೆ ಈ ಕಣಿವೆಯಲ್ಲಿ ಬಿಸಿಗಾಳಿ ಬಲೂನು ಹಾರಾಟ ಇದೆ. ದುಬಾರಿ, ಗಾಳಿ ಸರಿಯಿಲ್ಲದಿದ್ದರೆ ಆ ದಿನ ಹಾರಾಟ ರದ್ದು. ಹಾಗಾಗಿ ಬುಕ್ ಮಾಡುವುದಾದರೆ ಮೊದಲ ಅಥವಾ ಎರಡನೇ ದಿನಕ್ಕೇ ಮಾಡಿ, ತಪ್ಪಿದರೆ ಮುಂದಿನ ದಿನಕ್ಕೆ ತಳ್ಳಲು ಜಾಗ ಇರುತ್ತದೆ.